ವೆಸ್ಟ್‌ಮಿನ್‌ಸ್ಟರ್ ಅಬೆ, ಪಾರ್ಲಿಮೆಂಟ್: ಎರಡನ್ನೂ ಒಂದೇ ದಿನ ಗೈಡ್ ಜೊತೆ ನೋಡುವುದು ಹೇಗೆ

ಲಂಡನ್ನಿಗೆ ಬಂದವರು ಬಿಗ್ ಬೆನ್ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಎದುರಿಗಿರುವ ಅಬೆಯನ್ನು (ಹಿಂದೆ ಸನ್ಯಾಸಿಗಳ ಮಠವಾಗಿದ್ದ ದೊಡ್ಡ ಚರ್ಚು) ಹೊರಗಿನಿಂದಲೇ ಒಂದು ಸಲ ನೋಡಿ, "ಆಯ್ತು, ವೆಸ್ಟ್‌ಮಿನ್‌ಸ್ಟರ್ ಮುಗೀತು" ಅಂತ ಬಸ್ ಹತ್ತುತ್ತಾರೆ. ಮೊದಲ ಸಲ ನಾನೂ ಅಷ್ಟೇ ಮಾಡಿದ್ದು. ಎರಡನೇ ಸಲ ಅಬೆಗೆ ಮಾತ್ರ ಹೋದೆ. ಮೂರನೇ ಸಲ ಅಮ್ಮ ಬಂದಿದ್ದಾಗ ಎರಡನ್ನೂ ಒಂದೇ ದಿನ ನೋಡಿದೆವು, ಆಗ ಗೊತ್ತಾಯಿತು ಇವನ್ನು ಬೇರೆ ಬೇರೆಯಾಗಿ ನೋಡಿದರೆ ಅರ್ಧ ಕಥೆ ಕೈಬಿಟ್ಟು ಹೋಗುತ್ತದೆ ಅಂತ.

ಯಾಕೆಂದರೆ ಇದು ಒಂದೇ ಮನೆಯ ದೇವರಮನೆ ಮತ್ತು ಪಡಸಾಲೆ ಇದ್ದ ಹಾಗೆ. ಸುಮಾರು ಸಾವಿರ ವರ್ಷದ ಹಿಂದೆ ಎಡ್ವರ್ಡ್ ದಿ ಕನ್ಫೆಸರ್ ಅನ್ನುವ ರಾಜ ಥೇಮ್ಸ್ ದಂಡೆಯಲ್ಲಿ ಅರಮನೆ ಕಟ್ಟಿಸಿಕೊಂಡ, ಪಕ್ಕದಲ್ಲೇ ಚರ್ಚ್ ಕಟ್ಟಿಸಿದ. ಚರ್ಚಿನ ಪ್ರತಿಷ್ಠೆ ಆದದ್ದು 1065ರ ಡಿಸೆಂಬರ್ 28ಕ್ಕೆ. ಸುಮಾರು ಒಂದು ವಾರದಲ್ಲೇ ರಾಜ ತೀರಿಕೊಂಡ, ಅಲ್ಲೇ ಮಣ್ಣಾದ. ಚರ್ಚು ಅಬೆಯಾಗಿ ಉಳಿಯಿತು, ಅರಮನೆ ನಿಧಾನಕ್ಕೆ ಪಾರ್ಲಿಮೆಂಟ್ ಆಯಿತು. ಇವತ್ತಿಗೂ ಅದರ ಹೆಸರು 'ವೆಸ್ಟ್‌ಮಿನ್‌ಸ್ಟರ್ ಅರಮನೆ' ಅಂತಲೇ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ, ಎಲ್ಲ ನಿಂತಿರುವುದು ಅದರ ಮೇಲೆ. ಪಾರ್ಲಿಮೆಂಟ್ ಒಳಗೆ ಗೈಡ್ ಟೂರ್ ಇರುವುದು ಸಾಮಾನ್ಯವಾಗಿ ಶನಿವಾರಗಳಲ್ಲಿ, ಮತ್ತೆ ಸದನಕ್ಕೆ ರಜೆ ಇರುವಾಗ ವಾರದ ದಿನಗಳಲ್ಲಿ. ರಜೆ ಅಂದರೆ ಆಗಸ್ಟ್ ತಿಂಗಳು, ಕ್ರಿಸ್‌ಮಸ್, ಈಸ್ಟರ್ ಆಸುಪಾಸು, ಹೀಗೆ. ಅಬೆ ಭಾನುವಾರ ಪ್ರವಾಸಿಗಳಿಗೆ ಮುಚ್ಚಿರುತ್ತದೆ, ಅವತ್ತು ಪ್ರಾರ್ಥನೆ ಮಾತ್ರ. ಹಾಗಾಗಿ ಎರಡೂ ಒಟ್ಟಿಗೆ ಸಿಗುವ ದಿನ ಬೇಕಾದರೆ ಶನಿವಾರವೇ ಸರಿ. ಆದರೆ ಶನಿವಾರ ಅಬೆ ಬೇಗ ಬಾಗಿಲು ಹಾಕುತ್ತದೆ. ಆದ್ದರಿಂದ ಬೆಳಗ್ಗೆ ಮೊದಲ ಸ್ಲಾಟಿಗೆ ಅಬೆ, ಮಧ್ಯಾಹ್ನ ಎರಡರ ಮೇಲೆ ಪಾರ್ಲಿಮೆಂಟ್. ನಾನು ಒಮ್ಮೆ ಜಾಣತನ ಮಾಡಿ ಇದನ್ನು ಉಲ್ಟಾ ಬುಕ್ ಮಾಡಿದ್ದೆ. ಪಾರ್ಲಿಮೆಂಟಿನಿಂದ ಹೊರಗೆ ಬಂದು ರಸ್ತೆ ದಾಟುವಷ್ಟರಲ್ಲಿ ಅಬೆಯ ಕೊನೆಯ ಪ್ರವೇಶದ ಹೊತ್ತು ಮೀರಿತ್ತು. ಟಿಕೆಟ್ ದುಡ್ಡು ಹೋಯಿತು. ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ, ನನ್ನನ್ನೇ ಬೈದುಕೊಂಡೆ.

ಟಿಕೆಟ್ ಎರಡಕ್ಕೂ ಬೇರೆ ಬೇರೆ, ಅವರವರ ವೆಬ್‌ಸೈಟಿನಲ್ಲೇ ತೆಗೆದುಕೊಳ್ಳಿ. ದೊಡ್ಡವರಿಗೆ ಒಂದೊಂದಕ್ಕೂ 30 ಪೌಂಡ್ ಆಸುಪಾಸು ಆಗುತ್ತದೆ, ಆಗಾಗ ಸ್ವಲ್ಪ ಏರುತ್ತಲೂ ಇರುತ್ತದೆ. ಕಡಿಮೆಯೇನಲ್ಲ. ದುಡ್ಡು ಉಳಿಸುವ ದಾರಿಯೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಅಬೆಯ ಟಿಕೆಟ್ಟಿನ ಜೊತೆ ಕೈಯಲ್ಲಿ ಹಿಡಿದುಕೊಂಡು ಕೇಳುವ ಆಡಿಯೊ ಗೈಡ್ ಬಂದೇ ಬರುತ್ತದೆ. ಚೆನ್ನಾಗಿಯೇ ಇದೆ. ಆದರೂ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ವರ್ಜರ್ ಟೂರ್ ತೆಗೆದುಕೊಳ್ಳಿ ಅನ್ನುತ್ತೇನೆ ನಾನು. ವರ್ಜರ್ ಅಂದರೆ ಚರ್ಚಿನ ಒಳಗಿನ ವ್ಯವಸ್ಥೆ ನೋಡಿಕೊಳ್ಳುವ, ಪೂಜೆಯ ಹೊತ್ತಿಗೆ ಮೆರವಣಿಗೆ ಮುಂದೆ ಕೋಲು ಹಿಡಿದು ನಡೆಯುವ ಸಿಬ್ಬಂದಿ. ಬಾಡಿಗೆ ಗೈಡ್ ಅಲ್ಲ, ಅಲ್ಲೇ ಕೆಲಸ ಮಾಡುವವರು. ಅದಕ್ಕೇ ಅವರ ಮಾತಿನಲ್ಲಿ ಮನೆಯವರ ಸಲಿಗೆ ಇರುತ್ತದೆ. ಸುಮಾರು ಒಂದೂವರೆ ಗಂಟೆ. ಇದರ ದೊಡ್ಡ ಲಾಭ ಏನೆಂದರೆ ಎಡ್ವರ್ಡ್ ದಿ ಕನ್ಫೆಸರನ ಸಮಾಧಿ ಇರುವ ಎತ್ತರದ ಗರ್ಭಗುಡಿಯಂಥ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ, ಸಾಮಾನ್ಯ ಟಿಕೆಟ್ಟಿನವರಿಗೆ ಅಲ್ಲಿಗೆ ಬಿಡುವುದಿಲ್ಲ. ಟೂರ್ ಹೊತ್ತು ದಿನದಿಂದ ದಿನಕ್ಕೆ ಬೇರೆ, ಜನರ ಸಂಖ್ಯೆಗೂ ಮಿತಿ ಇದೆ. ಮೊದಲೇ ಬುಕ್ ಆಗದಿದ್ದರೆ ಒಳಗೆ ಹೋದ ಕೂಡಲೇ ಮಾಹಿತಿ ಕೌಂಟರಿನಲ್ಲಿ ಕೇಳಿ, ಸುತ್ತಾಡಿ ಆಮೇಲೆ ಕೇಳೋಣ ಅಂದುಕೊಳ್ಳಬೇಡಿ.

ಆ ಸಮಾಧಿಗೆ ಹತ್ತುವ ಮೆಟ್ಟಿಲು ಕಿರಿದು, ಮಂಡಿನೋವು ಇರುವವರು ಮೊದಲೇ ವರ್ಜರ್‌ಗೆ ಹೇಳಿ. ಮೇಲೆ ಹೋದರೆ ಕಲ್ಲಿನ ಪೀಠದಲ್ಲಿ ಗೂಡುಗಳು ಕಾಣುತ್ತವೆ. ಹಿಂದೆ ಕಾಯಿಲೆಯವರು ಆ ಗೂಡಿನೊಳಗೆ ಮಂಡಿಯೂರಿ ಗುಣ ಆಗಲಿ ಅಂತ ಬೇಡಿಕೊಳ್ಳುತ್ತಿದ್ದರಂತೆ. ಅಮ್ಮ ಅದನ್ನು ಕೇಳಿ, "ನಮ್ಮಲ್ಲಿ ಗದ್ದುಗೆ ಇದ್ದ ಹಾಗೆ" ಅಂದರು. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಸುತ್ತ ಐದು ರಾಜರ ಗೋರಿಗಳಿವೆ. ಈಗ ನಾವು ನೋಡುವ ಕಟ್ಟಡ ಎಡ್ವರ್ಡ್ ಕಟ್ಟಿಸಿದ್ದಲ್ಲ, ಅವನ ಭಕ್ತನಾಗಿದ್ದ ಮೂರನೇ ಹೆನ್ರಿ 1245ರಲ್ಲಿ ಹಳೆಯದನ್ನು ಕೆಡವಿಸಿ ಹೊಸದಾಗಿ ಶುರು ಮಾಡಿಸಿದ್ದು. ಅವನೂ ಅಲ್ಲೇ ಮಲಗಿದ್ದಾನೆ.

ಅಬೆಯ ಒಳಗೆ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಹೂಳಿದ್ದಾರೆ. ಎಲ್ಲರನ್ನೂ ನೋಡಲು ಹೊರಟರೆ ತಲೆ ಕೆಡುತ್ತದೆ. ಕಾಲ ಕೆಳಗೆ ಹೆಸರು, ಗೋಡೆ ಮೇಲೆ ಹೆಸರು, ಕಂಬದ ಹಿಂದೆ ಮತ್ತೊಬ್ಬ ಡ್ಯೂಕ್! ಆಯ್ದುಕೊಂಡು ನೋಡಿ. ಪಶ್ಚಿಮದ ಬಾಗಿಲ ಹತ್ತಿರ ಮೊದಲನೇ ಮಹಾಯುದ್ಧದಲ್ಲಿ ಸತ್ತ ಹೆಸರಿಲ್ಲದ ಯೋಧನ ಗೋರಿ ಇದೆ, 1920ರ ನವೆಂಬರ್ 11ರಂದು ಮಣ್ಣು ಮಾಡಿದ್ದು, ಮೇಲೆ ಬೆಲ್ಜಿಯಂನ ಕಪ್ಪು ಕಲ್ಲು. ಅಷ್ಟೊಂದು ಗೋರಿಗಳ ಮೇಲೆ ಎಲ್ಲರೂ ಓಡಾಡುತ್ತಾರೆ, ಇದೊಂದನ್ನು ಮಾತ್ರ ರಾಜರೂ ತುಳಿಯುವುದಿಲ್ಲ. ನೀವೂ ಸುತ್ತಿ ಹೋಗಿ. ಅಲ್ಲೇ ಹತ್ತಿರ ಪಟ್ಟಾಭಿಷೇಕದ ಕುರ್ಚಿ ಇದೆ. ಸ್ಕಾಟ್‌ಲೆಂಡಿನವರಿಂದ 1296ರಲ್ಲಿ ಕಿತ್ತುಕೊಂಡು ಬಂದ, ಅವರ ರಾಜರ ಪಟ್ಟಾಭಿಷೇಕದ ಕಲ್ಲನ್ನು ಇಡುವುದಕ್ಕೆ ಅಂತಲೇ ಮೊದಲನೇ ಎಡ್ವರ್ಡ್ (ಕನ್ಫೆಸರ್ ಅಲ್ಲ, ಆಮೇಲಿನ ರಾಜ) ಮಾಡಿಸಿದ್ದು. ಕಲ್ಲನ್ನು 1996ರಲ್ಲಿ ವಾಪಸ್ ಕೊಟ್ಟರು, ಪಟ್ಟಾಭಿಷೇಕಕ್ಕೆ ಮಾತ್ರ ತರಿಸಿಕೊಳ್ಳುತ್ತಾರೆ. ಕುರ್ಚಿಯನ್ನು ಹತ್ತಿರದಿಂದ ನೋಡಿ, ಪೂರ್ತಿ ಗೀಚಿದ ಹೆಸರುಗಳು! ಪಕ್ಕದ ಶಾಲೆಯ ಹುಡುಗರು, ಪ್ರವಾಸಿಗಳು ಕೆತ್ತಿದ್ದು. ಒಬ್ಬನಂತೂ 1800ರಲ್ಲಿ ರಾತ್ರಿ ಇದರ ಮೇಲೇ ಮಲಗಿದ್ದೆ ಅಂತ ಬರೆದಿದ್ದಾನೆ. 2023ರ ಮೇ 6ರಂದು ಮೂರನೇ ಚಾರ್ಲ್ಸ್ ಕೂತದ್ದು ಇದೇ ಗೀಚು ಕುರ್ಚಿಯ ಮೇಲೆ.

ನ್ಯೂಟನ್, ಡಾರ್ವಿನ್ ಮಲಗಿರುವ ಜಾಗದ ನಡುವೆ 2018ರಲ್ಲಿ ಸ್ಟೀಫನ್ ಹಾಕಿಂಗ್ ಅವರ ಚಿತಾಭಸ್ಮ ಇಟ್ಟರು. ಕವಿಗಳ ಮೂಲೆಗೆ ಎಲ್ಲರೂ ಹೋಗೇ ಹೋಗುತ್ತಾರೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೂರ್ವದ ತುದಿಯಲ್ಲಿ ಏಳನೇ ಹೆನ್ರಿಯ ಚಾಪೆಲ್‌ನಲ್ಲಿ (ಚಾಪೆಲ್ ಅಂದರೆ ಚಿಕ್ಕ ಪ್ರಾರ್ಥನಾ ಮಂದಿರ) ಮಾತ್ರ ಹತ್ತು ನಿಮಿಷ ಸುಮ್ನೆ ಕೂತು ತಲೆ ಎತ್ತಿ ಚಾವಣಿ ನೋಡಿ. ಕಲ್ಲನ್ನು ಲೇಸ್ ಬಟ್ಟೆಯ ಹಾಗೆ ಹೆಣೆದಿದ್ದಾರೆ. ಅದರ ಎಡ ಮಗ್ಗುಲಲ್ಲಿ ಮೊದಲನೇ ಎಲಿಜಬೆತ್ ರಾಣಿಯ ಗೋರಿ. ಅದರ ಕೆಳಗೇ ಅವಳ ಅಕ್ಕ ಮೇರಿ ಇದ್ದಾಳೆ. ಬದುಕಿದ್ದಾಗ ಅಕ್ಕ ತಂಗಿಯನ್ನು ಜೈಲಿಗೆ ಹಾಕಿಸಿದ್ದಳು, ಸತ್ತ ಮೇಲೆ ಒಂದೇ ಗುಂಡಿ. ಬಲ ಮಗ್ಗುಲಿಗೆ ಬಂದರೆ ಎಲಿಜಬೆತ್ ತಲೆ ತೆಗೆಸಿದ ಸ್ಕಾಟ್‌ಲೆಂಡಿನ ರಾಣಿ ಮೇರಿ. ಎರಡೂ ಗೋರಿ ಕಟ್ಟಿಸಿದ್ದು ಒಬ್ಬನೇ, ಆ ಮೇರಿಯ ಮಗ ಜೇಮ್ಸ್. ಅವನಿಗೆ ಎಲಿಜಬೆತ್ತಳ ಸಿಂಹಾಸನ ಸಿಕ್ಕಿತ್ತು, ತಾಯಿಯ ಋಣವೂ ಇತ್ತು, ಇಬ್ಬರಿಗೂ ಕಟ್ಟಿಸಿಬಿಟ್ಟ.

ಮಧ್ಯಾಹ್ನದ ಪಾರ್ಲಿಮೆಂಟ್ ಟೂರ್ ಅರ್ಥ ಆಗಬೇಕಾದರೆ ಅಬೆಯಲ್ಲಿ ಎರಡು ಜಾಗ ತಪ್ಪಿಸಬಾರದು. ಒಂದು, ಹಾಡುವವರು ಕೂರುವ ಕ್ವಾಯರ್. ಬೆಂಚುಗಳು ಎದುರುಬದುರಾಗಿವೆ, ಈ ಸಾಲಿನವರು ಆ ಸಾಲಿನವರ ಮುಖ ನೋಡಿಕೊಂಡು ಕೂರುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ. ಇನ್ನೊಂದು, ಹೊರ ಅಂಗಳದ ಕಡೆಗಿರುವ ಚಾಪ್ಟರ್ ಹೌಸ್, ಎಂಟು ಮೂಲೆಯ ದೊಡ್ಡ ಕೋಣೆ. ಸನ್ಯಾಸಿಗಳು ದಿನಾ ಸಭೆ ಸೇರುತ್ತಿದ್ದ ಜಾಗ. 14ನೇ ಶತಮಾನದಲ್ಲಿ ಹೌಸ್ ಆಫ್ ಕಾಮನ್ಸ್ ಸೇರುತ್ತಿದ್ದದ್ದೂ ಇಲ್ಲೇ. ಅಂದರೆ ಕೆಳಮನೆಗೆ ಸ್ವಂತ ಮನೆ ಇರಲಿಲ್ಲ, ಚರ್ಚಿನವರು ಜಾಗ ಕೊಟ್ಟಿದ್ದರು. ಚಾಪ್ಟರ್ ಹೌಸಿಗೆ ಹೋಗುವ ದಾರಿಯಲ್ಲಿ ಒಂದು ಸಾಧಾರಣ ಮರದ ಬಾಗಿಲಿದೆ, 1050ರ ದಶಕದ್ದು, ಬ್ರಿಟನ್ನಿನ ಅತ್ಯಂತ ಹಳೆಯ ಬಾಗಿಲು. ಜನ ಅದನ್ನು ನೋಡದೇ ದಾಟಿ ಹೋಗುತ್ತಾರೆ, ಪಾಪ.

ಉತ್ತರದ ಕಡೆ, ನೀವು ಒಳಗೆ ಬಂದ ಬಾಗಿಲ ಹತ್ತಿರದ ಭಾಗದಲ್ಲಿ, ಕನ್ನಡದವರು ಹುಡುಕಲೇಬೇಕಾದ ಒಂದು ಸ್ಮಾರಕ ಇದೆ. ಸರ್ ಐರ್ ಕೂಟ್‌ನದು. 1781ರಲ್ಲಿ ಪೋರ್ಟೊ ನೊವೊದಲ್ಲಿ ಹೈದರ್ ಅಲಿಯ ಸೈನ್ಯವನ್ನು ಸೋಲಿಸಿದ ಸೇನಾಪತಿ. ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿದ್ದು. ಕಲ್ಲಿನ ಬರಹದಲ್ಲಿ ಹೈದರನ ಹೆಸರೂ ಇದೆ, ಕೆಳಗೆ ತಲೆ ತಗ್ಗಿಸಿ ಕೂತ ಭಾರತೀಯ ಸೆರೆಯಾಳೂ ಇದ್ದಾನೆ. ಟೂರಿನಲ್ಲಿ ಇದನ್ನು ತೋರಿಸುವುದು ಕಡಿಮೆ. ಶಾಲೆಯಲ್ಲಿ ಆ ಯುದ್ಧವನ್ನು ನಮ್ಮ ಕಡೆಯಿಂದ ಓದಿ, ಇಲ್ಲಿ ಅವರ ಕಡೆಯಿಂದ ಕಲ್ಲಿನಲ್ಲಿ ನೋಡುವಾಗ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ. ಅದೇ ಭಾಗದಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನ ಎದೆಮಟ್ಟದ ಪ್ರತಿಮೆ ಇದೆ. ಅವನ ಮುಖ ನೋಡಿಟ್ಟುಕೊಳ್ಳಿ, ಮಧ್ಯಾಹ್ನ ಮತ್ತೆ ಸಿಗುತ್ತಾನೆ.

ಕೆಲವು ಸಣ್ಣ ವಿಷಯ. ಫೋಟೊ ತೆಗೆಯಬಹುದು, ಫ್ಲಾಶ್ ಬೇಡ, ಪ್ರಾರ್ಥನೆ ನಡೆಯುವಾಗ ಬೇಡವೇ ಬೇಡ. ಗಂಡಸರು ಟೋಪಿ ತೆಗೆಯಬೇಕು. ಆಗಾಗ ಪಾದ್ರಿಯೊಬ್ಬರು ಮೈಕಿನಲ್ಲಿ ಒಂದು ನಿಮಿಷದ ಪ್ರಾರ್ಥನೆ ಹೇಳುತ್ತಾರೆ, ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ. ಸೂಟ್‌ಕೇಸ್ ತರಬೇಡಿ, ಇಡುವುದಕ್ಕೆ ಜಾಗ ಇಲ್ಲ.

ಅಬೆಯಿಂದ ಹನ್ನೆರಡೂವರೆ ಒಳಗೆ ಹೊರಗೆ ಬಂದರೆ ಊಟಕ್ಕೆ, ಕಾಲು ಚಾಚಿಕೊಳ್ಳುವುದಕ್ಕೆ ಸಮಯ ಇರುತ್ತದೆ. ಪಾರ್ಲಿಮೆಂಟ್ ಸ್ಕ್ವೇರಿನ ಹುಲ್ಲಿನ ಮೇಲೆ ಕೂತರೆ ಗಾಂಧಿ ಪ್ರತಿಮೆಯೂ ಚರ್ಚಿಲ್ ಪ್ರತಿಮೆಯೂ ಒಟ್ಟಿಗೆ ಕಾಣುತ್ತವೆ. ಗಾಂಧಿಯನ್ನು ಅರೆಬೆತ್ತಲೆ ಫಕೀರ ಅಂದವನ ಜೊತೆ ಒಂದೇ ಅಂಗಳದಲ್ಲಿ 2015ರಲ್ಲಿ ಗಾಂಧಿಯನ್ನೂ ನಿಲ್ಲಿಸಿದ್ದಾರೆ. ಚಪಾತಿ ಪಲ್ಯ ಕಟ್ಟಿಕೊಂಡು ಬಂದವರು ಅಲ್ಲೇ ತಿನ್ನಬಹುದು, ನಾವು ಹಾಗೇ ಮಾಡಿದೆವು. ಆದರೆ ಹಣ್ಣು ಹೆಚ್ಚುವ ಚಾಕು ತರಬೇಡಿ! ಅಮ್ಮನ ಚೀಲದಲ್ಲಿ ಸೇಬು ಹೆಚ್ಚಲು ಅಂತ ಒಂದು ಸಣ್ಣ ಚಾಕು ಇತ್ತು, ಪಾರ್ಲಿಮೆಂಟಿನ ಬಾಗಿಲಲ್ಲಿ ಸ್ಕ್ಯಾನರ್ ಹಿಡಿಯಿತು. ನಮ್ಮ ಹಿಂದಿನವರೆಲ್ಲ ಕಾಯಬೇಕಾಯಿತು. ಚಾಕು ಅಲ್ಲೇ ಬಿಟ್ಟು ಬಂದೆವು.

ಪಾರ್ಲಿಮೆಂಟಿಗೆ ಪ್ರವೇಶ ಕ್ರಾಮ್ವೆಲ್ ಗ್ರೀನ್ ಬಾಗಿಲಿನಿಂದ. ವಿಮಾನ ನಿಲ್ದಾಣದ ಹಾಗೇ ತಪಾಸಣೆ ಇದೆ, ಟಿಕೆಟ್ಟಿನ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಸಾಲಿನಲ್ಲಿರಿ. ಸಾಲಿನಲ್ಲಿ ನಿಂತಾಗ ಪಕ್ಕದಲ್ಲೇ ಆಲಿವರ್ ಕ್ರಾಮ್ವೆಲ್‌ನ ಪ್ರತಿಮೆ. ಇವನ ಕಥೆ ಕೇಳಿ: ರಾಜನ ತಲೆ ತೆಗೆಸಿ ದೇಶ ಆಳಿದ, 1658ರಲ್ಲಿ ಸತ್ತಾಗ ಅಬೆಯಲ್ಲಿ ರಾಜರ ಪಕ್ಕದಲ್ಲೇ ಹೂಳಿದರು. ರಾಜರು ವಾಪಸ್ ಬಂದ ಮೇಲೆ 1661ರಲ್ಲಿ ಹೆಣವನ್ನು ಅಬೆಯಿಂದ ಅಗೆದು ತೆಗೆದು, ನೇಣಿಗೆ ಹಾಕಿ, ತಲೆ ಕಡಿದು ವೆಸ್ಟ್‌ಮಿನ್‌ಸ್ಟರ್ ಹಾಲಿನ ಮೇಲೆ ಕೋಲಿಗೆ ಸಿಕ್ಕಿಸಿದರು. 1899ರಲ್ಲಿ ಅದೇ ಹಾಲಿನ ಗೋಡೆ ಪಕ್ಕ ಪ್ರತಿಮೆ ಇಟ್ಟರು.

ಇಲ್ಲಿಯೂ ಗೈಡ್ ಟೂರ್, ಆಡಿಯೊ ಟೂರ್ ಎರಡೂ ಇವೆ. ಅಬೆಯಲ್ಲಿ ನಡೆದು ದಣಿದಿದ್ದರೂ ಇಲ್ಲಿ ಗೈಡ್ ಟೂರನ್ನೇ ತೆಗೆದುಕೊಳ್ಳಿ, ಯಾಕೆಂದರೆ ಖಾಲಿ ಬೆಂಚು ನೋಡಿಕೊಂಡು ಕಿವಿಯಲ್ಲಿ ರೆಕಾರ್ಡಿಂಗ್ ಕೇಳಿದರೆ ಏನೂ ಹತ್ತುವುದಿಲ್ಲ. ಪ್ರಶ್ನೆ ಕೇಳಬೇಕು. ಗೈಡುಗಳಿಗೂ ಪ್ರಶ್ನೆ ಕೇಳುವವರು ಇಷ್ಟ. ಇದೂ ಸುಮಾರು ಒಂದೂವರೆ ಗಂಟೆ.

ಶುರುವಾಗುವುದು ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ. ಬೇಗ ಬಂದಿದ್ದರೆ ಟೂರಿಗೆ ಮೊದಲೇ ಇಲ್ಲಿ ಅರ್ಧ ಗಂಟೆ ಕಳೆಯಿರಿ, ನನ್ನ ಪ್ರಕಾರ ಇಡೀ ದಿನದಲ್ಲಿ ಇದಕ್ಕಿಂತ ದೊಡ್ಡ ಜಾಗ ಇನ್ನೊಂದಿಲ್ಲ. ಕಟ್ಟಿದ್ದು 1097ರಲ್ಲಿ. ಬೇಲೂರಿನ ಚೆನ್ನಕೇಶವನ ಗುಡಿಗಿಂತ ಇಪ್ಪತ್ತು ವರ್ಷ ಹಳೆಯದು. ಸುಮಾರು 73 ಮೀಟರ್ ಉದ್ದ, 20 ಮೀಟರ್ ಅಗಲ, ನಡುವೆ ಒಂದೂ ಕಂಬ ಇಲ್ಲ. ತಲೆ ಮೇಲಿನ ಓಕ್ ಮರದ ಚಾವಣಿ ಎರಡನೇ ರಿಚರ್ಡ್ 14ನೇ ಶತಮಾನದ ಕೊನೆಯಲ್ಲಿ ಮಾಡಿಸಲು ಶುರು ಮಾಡಿದ್ದು. ಅಬೆಯಲ್ಲಿ ಕಿರೀಟ ಇಟ್ಟುಕೊಂಡ ರಾಜ ಇಲ್ಲಿಗೆ ಬಂದು ಪಟ್ಟದ ಊಟ ಮಾಡುತ್ತಿದ್ದ, ಕೊನೆಯ ಊಟ 1821ರಲ್ಲಿ. 2022ರಲ್ಲಿ ಎರಡನೇ ಎಲಿಜಬೆತ್ತಳ ಶವಪೆಟ್ಟಿಗೆ ಇಟ್ಟಿದ್ದೂ ಇಲ್ಲೇ, ನಂತರ ರಸ್ತೆ ದಾಟಿಸಿ ಅಬೆಗೆ ಒಯ್ದರು.

ನೆಲದಲ್ಲಿ ಹಿತ್ತಾಳೆ ಫಲಕಗಳಿವೆ, ನೋಡಿಕೊಂಡು ನಡೆಯಿರಿ. 1649ರಲ್ಲಿ ಮೊದಲನೇ ಚಾರ್ಲ್ಸ್ ರಾಜನ ವಿಚಾರಣೆ ಇಲ್ಲಿ ನಡೆಯಿತು. ಬೆಳಗ್ಗೆ ನೋಡಿದ ವಾರನ್ ಹೇಸ್ಟಿಂಗ್ಸ್‌ನನ್ನು 1788ರಲ್ಲಿ ನಿಲ್ಲಿಸಿದ್ದೂ ಇಲ್ಲೇ, ಇಂಡಿಯಾದಲ್ಲಿ ಮಾಡಿದ ಲಂಚ, ದಬ್ಬಾಳಿಕೆಗಳ ಲೆಕ್ಕ ಕೊಡು ಅಂತ. ಪಾರ್ಲಿಮೆಂಟ್ ಸದಸ್ಯ ಎಡ್ಮಂಡ್ ಬರ್ಕ್ ಅವನ ವಿರುದ್ಧ ದಿನಗಟ್ಟಲೆ ವಾದ ಮಾಡಿದ. ಏಳು ವರ್ಷ ಎಳೆದು 1795ರಲ್ಲಿ ಖುಲಾಸೆ ಮಾಡಿದರು. ಆಮೇಲೆ ಎದುರಿನ ಅಬೆಯಲ್ಲಿ ಪ್ರತಿಮೆ! ಎರಡೂ ಕಟ್ಟಡ ಒಂದೇ ದಿನ ನೋಡಿ ಅಂತ ನಾನು ಗಂಟು ಬಿದ್ದಿರುವುದು ಇದಕ್ಕೇ.

ಫೋಟೊ ತೆಗೆಯುವುದಿದ್ದರೆ ವೆಸ್ಟ್‌ಮಿನ್‌ಸ್ಟರ್ ಹಾಲ್ ಮತ್ತು ಅದರ ಮುಂದಿನ ಸೇಂಟ್ ಸ್ಟೀಫನ್ಸ್ ಹಾಲಿನಲ್ಲೇ ಮುಗಿಸಿಕೊಳ್ಳಿ, ಅಲ್ಲಿಂದಾಚೆ ಫೋನ್ ಒಳಗಿಡಬೇಕು. ಸೇಂಟ್ ಸ್ಟೀಫನ್ಸ್ ಹಾಲ್ ಇರುವ ಜಾಗದಲ್ಲಿ ಮೊದಲು ರಾಜನ ಖಾಸಗಿ ಚಾಪೆಲ್ ಇತ್ತು. ಕಾಮನ್ಸ್ 16ನೇ ಶತಮಾನದ ನಡುವೆ ಅಬೆಯಿಂದ ಇಲ್ಲಿಗೆ ಗುಳೆ ಬಂತು. ಚಾಪೆಲಿನ ಎದುರುಬದುರು ಬೆಂಚುಗಳಲ್ಲೇ ಸದಸ್ಯರು ಕೂತರು, ದೇವರ ಪೀಠ ಇದ್ದ ಕಡೆ ಸ್ಪೀಕರ್ ಕುರ್ಚಿ ಇಟ್ಟರು. ಆಡಳಿತ ಪಕ್ಷ, ವಿರೋಧ ಪಕ್ಷ ಮುಖಕ್ಕೆ ಮುಖ ಕೊಟ್ಟು ಕೂರುವ ಪದ್ಧತಿ ಹುಟ್ಟಿದ್ದು ಹೀಗೆ ಅನ್ನುತ್ತಾರೆ. ಬೆಳಗ್ಗೆ ಕ್ವಾಯರ್ ನೆನಪಿಟ್ಟುಕೊಳ್ಳಿ ಅಂದಿದ್ದೆ, ಅಲ್ವಾ? 1834ರ ಅಕ್ಟೋಬರ್ 16ರಂದು, ಹಳೆಯ ಲೆಕ್ಕದ ಮರದ ಕಡ್ಡಿಗಳನ್ನು ಒಲೆಗೆ ಹಾಕಿ ಸುಡಲು ಹೋಗಿ ಅರಮನೆಯೇ ಸುಟ್ಟುಹೋಯಿತು, ಚಾಪೆಲ್ಲೂ ಹೋಯಿತು. ವೆಸ್ಟ್‌ಮಿನ್‌ಸ್ಟರ್ ಹಾಲ್ ಉಳಿಯಿತು. ಈಗಿನ ಕಟ್ಟಡ ಚಾರ್ಲ್ಸ್ ಬ್ಯಾರಿ, ಪ್ಯೂಜಿನ್ ಅನ್ನುವ ಇಬ್ಬರು ವಾಸ್ತುಶಿಲ್ಪಿಗಳ ಕೆಲಸ. ಈ ಹಾಲಿನ ಗೋಡೆಯಲ್ಲಿ ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ಮೊಘಲ್ ಬಾದಶಹ ಜಹಾಂಗೀರನ ದರ್ಬಾರಿನಲ್ಲಿ ನಿಂತ ದೊಡ್ಡ ಚಿತ್ರ ಇದೆ, ಕೇಳಿ ತೋರಿಸಿಕೊಳ್ಳಿ.

ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್ ಪೂರ್ತಿ ಚಿನ್ನ, ಕೆಂಪು ಚರ್ಮ, ಸಿಂಹಾಸನ. ಕಣ್ಣು ಕೋರೈಸುತ್ತದೆ, ಹತ್ತು ನಿಮಿಷಕ್ಕೆ ಸಾಕೆನಿಸುತ್ತದೆ. ಕಾಮನ್ಸ್‌ಗೆ ಬಂದಾಗ ಎಲ್ಲರೂ ಅನ್ನುವುದು ಒಂದೇ: "ಇಷ್ಟೇನಾ?" ಟಿವಿಯಲ್ಲಿ ನೋಡಿದ್ದಕ್ಕಿಂತ ತುಂಬ ಚಿಕ್ಕದು. ಸದಸ್ಯರು 650, ಸೀಟು 427, ತಡವಾಗಿ ಬಂದವರು ನಿಲ್ಲಬೇಕು. ನಿಮಗೂ ನಿಂತೇ ಗತಿ, ಹಸಿರು ಬೆಂಚಿನ ಮೇಲೆ ಕೂರಲು ಬಿಡುವುದಿಲ್ಲ. ಯಾರಾದರೂ ಕೂರಲು ಹೋಗುತ್ತಾರೆ, ಗೈಡ್ ಗದರುತ್ತಾರೆ, ಪ್ರತಿ ಟೂರಿನಲ್ಲೂ ನಡೆಯುವ ನಾಟಕ ಇದು. ಈ ಕೋಣೆ ಹಳೆಯದೂ ಅಲ್ಲ. 1941ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಹಿಂದಿನದು ನಾಶವಾಗಿ, 1950ರಲ್ಲಿ ಇದು ತೆರೆಯಿತು. ಸ್ಪೀಕರ್ ಕುರ್ಚಿ ಆಸ್ಟ್ರೇಲಿಯಾ ಕೊಟ್ಟಿದ್ದು, ಮೇಜು ಕೆನಡಾದ್ದು, ಬಾಗಿಲುಗಳು ಇಂಡಿಯಾ ಮತ್ತು ಪಾಕಿಸ್ತಾನದ್ದು. 1892ರಲ್ಲಿ ಗೆದ್ದು ಬಂದ ದಾದಾಭಾಯಿ ನವರೋಜಿ ಕೂತ ಕೋಣೆ ಬಾಂಬಿಗೆ ಹೋಯಿತು, ಅವರ ದೇಶದ ಬಾಗಿಲು ಈಗ ಇಲ್ಲಿದೆ. ಬಾಗಿಲ ಕಾವಲಿನವರ ಹತ್ತಿರ ಒಂದು ನಶ್ಯದ ಡಬ್ಬಿ ಇರುತ್ತದೆ. ಸದನದಲ್ಲಿ ಹೊಗೆ ಸೇದುವುದನ್ನು 17ನೇ ಶತಮಾನದಲ್ಲೇ ನಿಲ್ಲಿಸಿದರು, ಬದಲಿಗೆ ಸದಸ್ಯರಿಗೆ ನಶ್ಯ ಪುಕ್ಕಟೆ.

ಈಗ ದುಡ್ಡು ಉಳಿಸುವ ದಾರಿ. ಸದನ ನಡೆಯುವಾಗ ಕಲಾಪ ನೋಡುವುದು ಪುಕ್ಕಟೆ, ಯಾವ ದೇಶದವರಾದರೂ ಸರಿ. ಕ್ರಾಮ್ವೆಲ್ ಗ್ರೀನ್ ಬಾಗಿಲಿನಲ್ಲೇ ಸಾಲು ನಿಲ್ಲಿ. ಬುಧವಾರ ಮಧ್ಯಾಹ್ನ ಹನ್ನೆರಡರ ಪ್ರಧಾನಿ ಪ್ರಶ್ನೋತ್ತರಕ್ಕೆ ಸೀಟು ಸಿಗುವುದು ಕಷ್ಟ, ಟಿಕೆಟ್ ಇರುವ ಅಲ್ಲಿನ ನಿವಾಸಿಗಳಿಗೆ ಮೊದಲ ಆದ್ಯತೆ. ಬೇರೆ ಹೊತ್ತಿನಲ್ಲಿ ಸುಲಭ. ಗ್ಯಾಲರಿಗೆ ಹೋಗುವ ದಾರಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲ್, ಸೇಂಟ್ ಸ್ಟೀಫನ್ಸ್ ಹಾಲ್ ಎರಡೂ ಸಿಗುತ್ತವೆ. ಅಬೆಯಲ್ಲಿ ವಾರದ ಹೆಚ್ಚಿನ ದಿನ ಸಂಜೆ ಐದಕ್ಕೆ ಹಾಡಿನ ಪ್ರಾರ್ಥನೆ ಇರುತ್ತದೆ, ಅದಕ್ಕೂ ಟಿಕೆಟ್ ಇಲ್ಲ, ಯಾವ ಧರ್ಮದವರೂ ಕೂರಬಹುದು. ಬುಧವಾರ ಸಾಮಾನ್ಯವಾಗಿ ಹಾಡು ಇರುವುದಿಲ್ಲ, ನೋಡಿಕೊಳ್ಳಿ. ಗೋರಿಗಳನ್ನು ಸುತ್ತಿ ನೋಡಲು ಆಗುವುದಿಲ್ಲ, ಆದರೆ ಆ ಕಲ್ಲಿನ ಚಾವಣಿಯ ಕೆಳಗೆ ಹುಡುಗರ ದನಿ ಏರುವುದನ್ನು ಕೇಳಿದರೆ ಮೂವತ್ತು ಪೌಂಡ್ ಕೊಟ್ಟವರಿಗಿಂತ ನಿಮಗೇ ಜಾಸ್ತಿ ಸಿಕ್ಕಿತು ಅನಿಸಬಹುದು.

ಟೂರ್ ಮುಗಿಸಿ ಹೊರಬಂದಾಗ ನಾಲ್ಕು ಗಂಟೆ ಆಗಿರುತ್ತದೆ. ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಟ್ಯೂಬ್ (ಲಂಡನ್ ಮೆಟ್ರೊ) ಹತ್ತಬೇಡಿ. ನದಿ ಪಕ್ಕದ ಮಿಲ್‌ಬ್ಯಾಂಕ್ ರಸ್ತೆಯಲ್ಲಿ ನಡೆದು ಲ್ಯಾಂಬೆತ್ ಸೇತುವೆ ದಾಟಿ, ಎಲ್ಲ ಸೇರಿ ಕಾಲು ಗಂಟೆ ದಾರಿ. ಆಚೆ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರಿನಲ್ಲಿ ಅನಾವರಣ ಮಾಡಿದ ಬಸವಣ್ಣನ ಪ್ರತಿಮೆ ಇದೆ. ನಾವು ತಲುಪಿದಾಗ ಮಳೆ ಹನಿಯುತ್ತಿತ್ತು. ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದು, ಅಲ್ಲಿದ್ದ ಬೆಂಚಿನ ಮೇಲೆ ಕೂತು, ಚೀಲದಿಂದ ಆ ಹೆಚ್ಚದ ಸೇಬನ್ನು ತೆಗೆದು ಹಾಗೇ ಕಚ್ಚಿ ತಿಂದರು.